ನೇತ್ರಾವಳಿಯ ಪಡಸಾಲೆಯಲ್ಲಿ ಒಂದು ಬೈಠಕ್

ಮೊದಲ ದಿನ, ಗುರುವಾರ

ಧಾರವಾಡದಿಂದ ಬಂದ ಅತ್ತೆ ಮಡಗಾಂವ ನಿಲ್ದಾಣದಲ್ಲಿ ಇಳಿದಾಗ ಕೈಯಲ್ಲಿ ಒಂದು ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಪೇಢೆಯ ಡಬ್ಬಿ. ಅವರಿಗೆ ಎಪ್ಪತ್ತೆರಡು ವರ್ಷ. ಕ್ಯಾಸಲ್‌ರಾಕ್ ದಾಟಿದ ಮೇಲೆ ಕಣ್ಣು ಮುಚ್ಚಲೇ ಇಲ್ಲವಂತೆ. ಅಲ್ಲಿಂದ ಕುಳೆಯವರೆಗೆ ಘಟ್ಟದ ದಾರಿ. 37 ಅಡಿಗೆ ಒಂದು ಅಡಿಯಂತೆ ಇಳಿಜಾರು, ಒಂದಾದ ಮೇಲೊಂದು ಸುರಂಗ. ದೂಧಸಾಗರ ಮೇ ತಿಂಗಳಿನಲ್ಲಿ ಬಂಡೆಯ ಮೇಲೆ ಎಳೆದ ನಾಲ್ಕು ಬಿಳಿಯ ಗೆರೆಗಳಷ್ಟೇ. "ಸುರಂಗದ ಒಳಗೆ ಹೋದಾಗ ಗಾಲಿಯ ಸಪ್ಪಳ ಹತ್ತಿರ ಬರುತ್ತದೆ, ಹೊರಗೆ ಬಂದೊಡನೆ ಹರಡಿ ಹೋಗುತ್ತದೆ. ಅದನ್ನೇ ಕೇಳುತ್ತ ಕುಳಿತಿದ್ದೆ," ಎಂದರು. ಅತ್ತೆ ಯಾವತ್ತೂ ಹೀಗೆಯೇ. ಊರನ್ನು ನೋಡುವುದಕ್ಕಿಂತ ಮೊದಲು ಕೇಳುತ್ತಾರೆ.

ನಾವು ಹೊರಟಿದ್ದು ನೇತ್ರಾವಳಿಗೆ. ದಕ್ಷಿಣ ಗೋವಾದ ಸಾಂಗೆ ತಾಲ್ಲೂಕಿನಲ್ಲಿ ಸಹ್ಯಾದ್ರಿಯ ಬುಡಕ್ಕೆ ಅಂಟಿಕೊಂಡ ಹಳ್ಳಿ. ಅಲ್ಲಿ ಒಂದು ಹಳೆಯ ಮನೆಯಿದೆ. ಅದರ ಒಡೆಯರು ಅಂಕೋಲೆ ಕಡೆಯ ಕನ್ನಡಿಗರು, ಮನೆ ಅವರ ತಾಯಿಯ ತವರು. ವರ್ಷಕ್ಕೆ ಎರಡು ಸಲ ತಮ್ಮ ಪಡಸಾಲೆಯಲ್ಲಿ ಐವತ್ತು ಜನರನ್ನು ಕೂರಿಸಿ ಹಾಡು ಕೇಳಿಸುತ್ತಾರೆ. ಮೈಕ್ ಇಲ್ಲ, ಟಿಕೆಟ್ ಇಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ಮಡಗಾಂವದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದರೂ ನನಗೆ ಈ ಮನೆಯ ಸುದ್ದಿ ತಿಳಿದದ್ದು ಕಳೆದ ದೀಪಾವಳಿಯಲ್ಲಿ. ಅತ್ತೆಗೆ ಫೋನ್ ಮಾಡಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೇಲ್ಛಾವಣಿ ಯಾವುದರದು?"

ಸಂಜೆ ಮಂಗೇಶಿಗೆ ಹೋದೆವು. ದೀಪಸ್ತಂಭ, ಕೆರೆ, ಹೂವಿನ ಅಂಗಡಿಗಳನ್ನು ಎಲ್ಲರೂ ಬಣ್ಣಿಸಿದ್ದಾರೆ. ನನಗೆ ಮುಖ್ಯವಾದದ್ದು ಸಭಾಮಂಟಪ. ಗಾಯಕರಾದ ದೀನಾನಾಥ ಮಂಗೇಶಕರ್ ಈ ಊರಿನವರು, ಜಿತೇಂದ್ರ ಅಭಿಷೇಕಿಯವರೂ ಈ ಊರಿನವರೇ. ಅವರಿಗಿಂತ ಮೊದಲು, ತಲೆಮಾರುಗಳ ಕಾಲ, ಗೋವಾದ ಇಂಥ ಮಂಟಪಗಳಲ್ಲಿ ಹಾಡಿದವರು ದೇವಸ್ಥಾನದ ಸೇವೆಗೆ ಬಿಟ್ಟ ಹೆಣ್ಣುಮಕ್ಕಳು. ಹಾಡು ಬೇಕಾಗಿದ್ದ ಸಮಾಜಕ್ಕೆ ಹಾಡುವವಳ ಮಾನ ಬೇಕಾಗಿರಲಿಲ್ಲ. ಕೇಸರಬಾಯಿ ಕೇರ್ಕರ್, ಮೊಗೂಬಾಯಿ ಕುರ್ಡೀಕರ್ ಬಂದದ್ದು ಆ ಮನೆತನಗಳಿಂದ. ಇಬ್ಬರಿಗೂ ಮುಂದೆ ಪದ್ಮಭೂಷಣ ಬಂತು, ಕೇಸರಬಾಯಿಗೆ 1969ರಲ್ಲಿ, ಮೊಗೂಬಾಯಿಗೆ 1974ರಲ್ಲಿ. ಆ ನಡುವಿನ ದಾರಿಯನ್ನು ಅವರು ಒಂಟಿಯಾಗಿ ನಡೆದರು ಎಂಬುದನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಅತ್ತೆ ಮಂಟಪದ ಕಂಬಕ್ಕೆ ಒರಗಿ ಬಹಳ ಹೊತ್ತು ಕುಳಿತರು. ಆರತಿಯ ಗಂಟೆ ನಿಂತ ಮೇಲೆ ಅದರ ಗುಂಯ್‌ಗುಡುವಿಕೆ ಎಷ್ಟು ಹೊತ್ತು ಉಳಿಯುತ್ತದೆಂದು ಬೆರಳಿನಲ್ಲಿ ಎಣಿಸುತ್ತಿದ್ದರು.

ಎರಡನೆಯ ದಿನ, ಶುಕ್ರವಾರ

ಬೆಳಿಗ್ಗೆ ಫೋಂಡಾ ತಾಲ್ಲೂಕಿನ ಕೇರಿ. ಕೇಸರಬಾಯಿ 1892ರಲ್ಲಿ ಹುಟ್ಟಿದ ಊರು. ಅಡಿಕೆ, ತೆಂಗು, ಮಧ್ಯೆ ಮೆಣಸಿನ ಬಳ್ಳಿ; ಇಲ್ಲಿನವರು ಇಂಥ ತೋಟವನ್ನು ಕುಳಾಗರ ಎನ್ನುತ್ತಾರೆ. ಅವರ ಹೆಸರಿನ ಶಾಲೆಯ ಮುಂದೆ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಇದ್ದೆವು. ಬೇಸಿಗೆ ರಜೆ, ಗೇಟು ಹಾಕಿತ್ತು.

ಕೇಸರಬಾಯಿ ಚಿಕ್ಕಂದಿನಲ್ಲಿ ಕೆಲವು ತಿಂಗಳು ಅಬ್ದುಲ್ ಕರೀಂ ಖಾನರ ಬಳಿ ಕಲಿತರು, ನಮ್ಮ ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುವಾದವರು ಅವರೇ. ಆಮೇಲೆ ಗಾಯಕ ವಝೆಬುವಾ ಅವರ ಬಳಿ. ಕೊನೆಗೆ 1921ರಿಂದ ಅಲ್ಲಾದಿಯಾ ಖಾನರು, ಅವರು ತೀರಿಕೊಂಡ 1946ರವರೆಗೆ. ಇಪ್ಪತ್ತೈದು ವರ್ಷ ಒಬ್ಬ ಗುರುವಿನ ಎದುರು! ಅದೇ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನರ ಬಳಿ ಕಲಿತವರು ಮಲ್ಲಿಕಾರ್ಜುನ ಮನ್ಸೂರರು. ಹೀಗೆ ಘಟ್ಟದ ಕೆಳಗಿನ ಕೇರಿಗೂ ಮೊಗೂಬಾಯಿಯವರ ಊರಾದ ಕುರ್ಡಿಗೂ ಘಟ್ಟದ ಮೇಲಿನ ಧಾರವಾಡಕ್ಕೂ ಜೈಪುರ–ಅತ್ರೌಲಿ ಘರಾಣೆಯ, ಎಂದರೆ ಅಲ್ಲಾದಿಯಾ ಖಾನರ ಗಾಯನ ಪರಂಪರೆಯ, ಒಂದೇ ತಂತಿ ಬಿಗಿದಿದೆ. ಆ ತಂತಿಯ ಈ ತುದಿಯನ್ನು ಅತ್ತೆಗೆ ತೋರಿಸಬೇಕೆಂಬುದು ನನ್ನ ಆಸೆಯಾಗಿತ್ತು. ಹುಡುಗಿಯಾಗಿದ್ದಾಗ ಮನ್ಸೂರರ 'ಮೃತ್ಯುಂಜಯ' ಮನೆಯ ಮುಂದಿನ ರಸ್ತೆಯಲ್ಲಿ, ಹೂವು ತರುವ ನೆಪದಲ್ಲಿ ಎರಡೆರಡು ಸಲ ಹಾದು ಹೋಗುತ್ತಿದ್ದವರು ಅವರು.

ಗೇಟಿನ ಎದುರು ನಿಂತು ಒಂದು ಲೆಕ್ಕ ಹೇಳಿದೆ. ಕೇಸರಬಾಯಿಯವರ 'ಜಾತ್ ಕಹಾಂ ಹೋ' ಎಂಬ ಭೈರವಿಯ ಧ್ವನಿಮುದ್ರಿಕೆಯನ್ನು ಹೊತ್ತ ಎರಡು ವಾಯೇಜರ್ ನೌಕೆಗಳು ಭೂಮಿ ಬಿಟ್ಟದ್ದು 1977ರ ಆಗಸ್ಟ್ 20 ಮತ್ತು ಸೆಪ್ಟೆಂಬರ್ 5ರಂದು. ಕೇಸರಬಾಯಿ ತೀರಿಕೊಂಡದ್ದು ಅದೇ ಸೆಪ್ಟೆಂಬರ್ 16ರಂದು. ಅತ್ತೆ ಸುಮ್ಮನಿದ್ದರು. ಆಮೇಲೆ, "ಅಲ್ಲಿ ಗಾಳಿಯೇ ಇಲ್ಲವಲ್ಲ, ಕೇಳುವುದಾದರೂ ಹೇಗೆ?" ಎಂದರು. ಅವರ ಧ್ವನಿಯಲ್ಲಿ ನಿಜವಾದ ಕಳವಳವಿತ್ತು.

ಮಧ್ಯಾಹ್ನ ಸಾಂಗೆಯ ಹತ್ತಿರ ಸಾಳಾವಲಿ ಅಣೆಕಟ್ಟು. ಮಳೆಗಾಲದಲ್ಲಿ ತುಂಬಿದ ನೀರು ದುಂಡನೆಯ ಬಾವಿಯಂಥ ಕೋಡಿಯೊಳಗೆ ಸುತ್ತಲಿಂದ ಧುಮುಕುವುದನ್ನು ನೋಡಲು ಜನ ಬರುತ್ತಾರೆ. ಈಗ ಬರಿಯ ಕಾಂಕ್ರೀಟು. ಹತ್ತಿರದಲ್ಲೇ ಕದಂಬರ ಕಾಲದ ಮಹಾದೇವ ದೇವಸ್ಥಾನವಿದೆ. ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಕುರ್ಡಿಯಿಂದ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ಒಳಗೆ ತಂಪು. ಅತ್ತೆ ಗರ್ಭಗುಡಿಯ ಮುಂದೆ ತುಟಿ ಬಿಡಿಸದೆ ಒಂದು ಷಡ್ಜ ಹಿಡಿದರು. ಕಲ್ಲು ಅದನ್ನು ಹಿಂದಿರುಗಿಸಿತು. "ಸ್ಥಳ ಬದಲಾದರೂ ಕೋಣೆ ಬದಲಾಗಿಲ್ಲ," ಎಂದರು.

ನೇತ್ರಾವಳಿಯ ಮನೆ ತಲುಪಿದಾಗ ಐದು ಗಂಟೆ. ಅಂಗಳದಲ್ಲಿ ಮುರುಗಲ ಸಿಪ್ಪೆ ಒಣಗಿಸಲು ಹಾಕಿದ್ದರು, ಇಡೀ ಮನೆಗೆ ಅದರ ಹುಳಿ ವಾಸನೆ. ಕೆಂಪು ಜಂಬಿಟ್ಟಿಗೆಯ ಗೋಡೆ, ಸುಣ್ಣದ ಗಾರೆ, ನಡುವೆ ತುಳಸಿಯಿರುವ ಚೌಕಾಕಾರದ ಒಳಾಂಗಣ. ಅದಕ್ಕೆ ತೆರೆದುಕೊಂಡ ಪಡಸಾಲೆ ಸುಮಾರು ಮೂವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ. ಹಂಚಿನ ಕೆಳಗೆ ಹಲಸಿನ ಹಲಗೆಯ ಅಟ್ಟ. ಅತ್ತೆ ಚಪ್ಪಲಿ ಬಿಟ್ಟವರೇ ತಲೆಯೆತ್ತಿ ಅದನ್ನು ನೋಡಿ, ಒಮ್ಮೆ ಚಪ್ಪಾಳೆ ತಟ್ಟಿ, "ಸರಿಯಾಗಿದೆ ರಾಯರೇ," ಎಂದರು. ಮನೆಯ ಒಡೆಯರ ಮುಖ ಅರಳಿತು. "ಅಕ್ಕನವರೇ, ಈವರೆಗೆ ಬಂದವರೆಲ್ಲ ಮೊದಲು ಕೇಳಿದ್ದು ವೈಫೈ," ಎಂದರು.

ಅವರು ಬಾಸ್ಟನ್ ಹತ್ತಿರ ಬಹಳ ವರ್ಷ ಎಂಜಿನಿಯರ್ ಆಗಿದ್ದವರು. ಬೇಸಿಗೆ ಬಂದರೆ ಉತ್ತರಕ್ಕೆ ವರ್ಮಾಂಟ್ ರಾಜ್ಯದ ಬೆಟ್ಟಗಳ ನಡುವಿನ ಮಾರ್ಲ್‌ಬರೋ ಎಂಬಲ್ಲಿಗೆ ಹೋಗುತ್ತಿದ್ದರಂತೆ. ಪಿಯಾನೋ ವಾದಕ ರುಡಾಲ್ಫ್ ಸರ್ಕಿನ್ ಮತ್ತು ಸಂಗಡಿಗರು 1951ರಲ್ಲಿ ಕಟ್ಟಿದ ಬೇಸಿಗೆ ಶಾಲೆ ಅದು. ಹಿರಿಯ ವಾದಕರೂ ಕಿರಿಯರೂ ವಾರಗಟ್ಟಲೆ ಜೊತೆಯಲ್ಲಿ ಉಂಡು, ಜೊತೆಯಲ್ಲಿ ತಾಲೀಮು ಮಾಡಿ, ಸಿದ್ಧವಾಯಿತೆಂದು ಅನ್ನಿಸಿದ್ದನ್ನು ಮಾತ್ರ ವಾರಾಂತ್ಯದಲ್ಲಿ ನುಡಿಸುತ್ತಾರೆ. ನಾಲ್ಕು ಜನರ, ಐದು ಜನರ ಸಂಗೀತ, ಕೋಣೆಯಲ್ಲಿ ಕೂತು ಕೇಳಲೆಂದೇ ಬರೆದದ್ದು. "ಅಲ್ಲಿ ಕುಳಿತಾಗಲೆಲ್ಲ ನನಗೆ ತಾಯಿಯ ತವರಿನ ಪಡಸಾಲೆ ನೆನಪಾಗುತ್ತಿತ್ತು. ಅಜ್ಜನ ಕಾಲದಲ್ಲಿ ಇಲ್ಲಿ ರಾತ್ರಿಯೆಲ್ಲ ಹಾಡು ನಡೆಯುತ್ತಿತ್ತು. ಅವರು ಉಳಿಸಿಕೊಂಡಿದ್ದಾರೆ, ನಾವು ಬೀಗ ಹಾಕಿದ್ದೇವೆ ಎಂದು ಅನ್ನಿಸಿತು," ಎಂದರು. ನಿವೃತ್ತಿಯಾದ ಮೇಲೆ ಬಂದು ಬೀಗ ತೆಗೆದರು. ಗೆದ್ದಲು ತಿಂದ ಹಲಗೆಗಳನ್ನು ಬದಲಿಸಲು ಪ್ಲೈವುಡ್ ಸಾಕೆಂದ ಬಡಗಿಯನ್ನು ಒಪ್ಪಿಸಿ ಹಲಸನ್ನೇ ಹಾಕಿಸಿದರು.

ರಾತ್ರಿ ಊಟಕ್ಕೆ ಗಂಜಿ, ಮಾವಿನಕಾಯಿ ಉಪ್ಪಿನಕಾಯಿ, ಸೋಲಕಡಿ. ಗಾಯಕಿ ಬಂದಿಳಿದಿದ್ದರು. ಹುಬ್ಬಳ್ಳಿಯ ಹುಡುಗಿ, ಮೂವತ್ತರ ಆಸುಪಾಸು, ಈಗ ಪುಣೆಯಲ್ಲಿದ್ದಾರೆ. ತಮ್ಮ ಹೆಸರು ಬರೆಯುವುದು ಬೇಡ ಎಂದಿದ್ದಾರೆ, ಹಾಗಾಗಿ ಬರೆಯುವುದಿಲ್ಲ.

ಮೂರನೆಯ ದಿನ, ಶನಿವಾರ

ಬಿಸಿಲೇರುವ ಮುಂಚೆ ಕುರ್ಡಿಗೆ ಹೋದೆವು.

1986ರಲ್ಲಿ ಸಾಳಾವಲಿಯ ನೀರು ಈ ಊರನ್ನು ನುಂಗಿತು. ಸುಮಾರು 3000 ಜನ ಎದ್ದು ಹೋದರು. ಪ್ರತಿ ಮೇ ತಿಂಗಳಲ್ಲಿ ನೀರು ಹಿಂದೆ ಸರಿದಾಗ ಊರು ಮತ್ತೆ ಮೇಲೆ ಬರುತ್ತದೆ. ಬಿರುಕು ಬಿಟ್ಟ ಕೆಸರು, ಅದರ ಮೇಲೆ ಮೊಣಕಾಲೆತ್ತರದ ಗೋಡೆಗಳು, ಬಾವಿಯ ಕಟ್ಟೆ, ಕಪ್ಪಗಾದ ಮರದ ಬೊಡ್ಡೆಗಳು. ಸೋಮೇಶ್ವರನ ಸಣ್ಣ ಗುಡಿ ನಿಂತಿದೆ. ಊರು ಬಿಟ್ಟವರು ಈ ತಿಂಗಳಲ್ಲಿ ಮಕ್ಕಳು ಮೊಮ್ಮಕ್ಕಳೊಂದಿಗೆ ಬಂದು ಪೂಜೆ ಮಾಡಿ, ನಮ್ಮ ಮನೆ ಇಲ್ಲಿತ್ತು ಎಂದು ತೋರಿಸಿ ಹೋಗುತ್ತಾರೆ. ನಾವು ಹೋದಾಗ ಒಂದು ಕುಟುಂಬ ತಮ್ಮ ಹಳೆಯ ಅಡುಗೆಮನೆಯಿದ್ದ ಜಾಗದಲ್ಲಿ ಚಾದರ ಹಾಸಿಕೊಂಡು ಚಹಾ ಕುಡಿಯುತ್ತಿತ್ತು. ಅಜ್ಜಿಯೊಬ್ಬರು ನಮಗೂ ಲೋಟ ಕೊಟ್ಟರು, ಮನೆಗೆ ಬಂದವರಿಗೆ ಕೊಡುವಂತೆಯೇ.

ಮಡಗಾಂವದ ನನ್ನ ಮನೆಯ ನಲ್ಲಿಗೆ ಬರುವುದು ಸಾಳಾವಲಿಯ ನೀರು. ಇಪ್ಪತ್ತೆರಡು ವರ್ಷ ಅದನ್ನೇ ಕುಡಿದಿದ್ದೇನೆ. ಆ ಲೋಟ ಹಿಡಿದಾಗ ಅಜ್ಜಿಗೆ ಇದನ್ನು ಹೇಳಬೇಕೆಂದುಕೊಂಡೆ, ಹೇಳಲಾಗಲಿಲ್ಲ.

ಮೊಗೂಬಾಯಿ 1904ರಲ್ಲಿ ಹುಟ್ಟಿದ ಊರು ಇದು. ಚಿಕ್ಕ ವಯಸ್ಸಿಗೇ ನಾಟಕ ಕಂಪನಿ ಸೇರಿದರು, ಹತ್ತು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡರು. ಮುಂದೆ ಸಾಂಗ್ಲಿಯಲ್ಲಿ ಮನೆಯೊಳಗೆ ಅಭ್ಯಾಸ ಮಾಡುತ್ತಿದ್ದಾಗ ಬೀದಿಯಲ್ಲಿ ಹೋಗುತ್ತಿದ್ದ ಅಲ್ಲಾದಿಯಾ ಖಾನರು ಆ ದನಿ ಕೇಳಿ ತಾವಾಗಿಯೇ ಒಳಗೆ ಬಂದು ಕಲಿಸತೊಡಗಿದರೆಂಬುದು ಸಂಗೀತದವರೆಲ್ಲ ಹೇಳುವ ಕಥೆ. ಮೊಗೂಬಾಯಿಯವರ ಮಗಳೇ ಗಾಯಕಿ ಕಿಶೋರಿ ಅಮೋನ್ಕರ್. ಮೊಗೂಬಾಯಿಯವರ ಮನೆ ಯಾವುದೆಂದು ನಾನು ಹುಡುಕಲು ಹೊರಟಾಗ ಅತ್ತೆ ತಡೆದರು. ಎಲ್ಲ ಗೋಡೆಗಳೂ ಒಂದೇ ಎತ್ತರಕ್ಕೆ ಬಂದಿದ್ದವು, ಯಾವ ಮನೆಗೂ ಬಾಗಿಲಿರಲಿಲ್ಲ. ಅತ್ತೆ ಇಲ್ಲಿ ಷಡ್ಜ ಹಿಡಿಯಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಬಗ್ಗಿ ಒಂದು ಹೆಂಚಿನ ಚೂರನ್ನು ಎತ್ತಿ ನೋಡಿ, ಅದಿದ್ದ ಜಾಗದಲ್ಲೇ ಇಟ್ಟರು.

ಮನೆಗೆ ಮರಳುವಷ್ಟರಲ್ಲಿ ಮೋಡ ಕಟ್ಟಿತ್ತು. ಮಳೆಗೆ ಮುಂಚಿನ ಆ ಆರ್ದ್ರತೆ ವಾದ್ಯಗಳ ಶತ್ರು. ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ತಬಲಾದವರು ಅರ್ಧ ಗಂಟೆಗೊಮ್ಮೆ ಸುತ್ತಿಗೆಯಿಂದ ಅಂಚನ್ನು ತಟ್ಟಿ ಏರಿಸುತ್ತಿದ್ದರು, ಅದು ಮತ್ತೆ ಇಳಿಯುತ್ತಿತ್ತು. ತಂಬೂರಿಗಳು ಎರಡೂ ತಂಬೂರಿ ಮಾಡುವವರ ಊರಾದ ಮೀರಜಿನವು. ಒಂದರ ಜವಾರಿ ಹದಕ್ಕೆ ಬರುತ್ತಿರಲಿಲ್ಲ. ಜವಾರಿ ಎಂದರೆ ಕುದುರೆಯ, ಎಂದರೆ ತಂತಿಗಳನ್ನು ಹೊರುವ ಪಟ್ಟಿಯ, ಮೇಲೆ ತಂತಿಯ ಅಡಿಯಲ್ಲಿ ಸಿಕ್ಕಿಸುವ ನೂಲಿನ ಎಳೆಯ ಆಟ. ಕೂದಲೆಳೆಯಷ್ಟು ಸರಿಸಿದರೆ ಸತ್ತ ತಂತಿ ಜೇನುಗೂಡಾಗುತ್ತದೆ, ಇನ್ನೊಂದು ಕೂದಲೆಳೆ ಸರಿದರೆ ಬರಿಯ ಕಿರುಗುಡುತ್ತದೆ. ಅಷ್ಟರಲ್ಲಿ ಸುದ್ದಿ ಬಂತು: ಎರಡನೆಯ ತಂಬೂರಿಗೆ ಬರಬೇಕಾಗಿದ್ದ ವಿದ್ಯಾರ್ಥಿನಿಯ ಬಸ್ಸು ಘಟ್ಟದಲ್ಲಿ ಕೆಟ್ಟು ನಿಂತಿದೆ, ಅವಳು ಮುಟ್ಟುವಾಗ ರಾತ್ರಿಯಾಗುತ್ತದೆ.

ಗಾಯಕಿ ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಿಂತೆಯಲ್ಲಿದ್ದರು. ಅತ್ತೆ ಪಕ್ಕದಲ್ಲಿ ಹೋಗಿ ಕುಳಿತು, "ತಂಗೀ, ಆ ನೂಲು ಸ್ವಲ್ಪ ಹಿಂದಕ್ಕೆ," ಎಂದರು. ಗಾಯಕಿ ಸರಿಸಿದರು. "ಇನ್ನೂ ಸ್ವಲ್ಪ. ಸಾಕು. ಬಿಡು." ತಂತಿ ತೆರೆದುಕೊಂಡಿತು. ಗಾಯಕಿ ಅತ್ತೆಯ ಮುಖವನ್ನೇ ನೋಡಿ, "ಅಮ್ಮಾ, ನೀವು ನುಡಿಸುತ್ತೀರಾ?" ಎಂದರು.

ಅತ್ತೆ ಮದುವೆಗೆ ಮುಂಚೆ ಏಳು ವರ್ಷ ಕಲಿತಿದ್ದರು. ಮದುವೆಯ ನಂತರ ಅವರ ತಂಬೂರಿ ಅಟ್ಟ ಸೇರಿತು, ಆಮೇಲೆ ಯಾರಿಗೋ ಹೋಯಿತು. ನಮ್ಮ ಮನೆಯಲ್ಲಿ ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಅವರು ಬೇಡವೆನ್ನುತ್ತಾರೆಂದು ನಾನು ತಿಳಿದಿದ್ದೆ. ಅವರು ಹೇಳಿದ್ದು, "ಮೂರು ತಾಸು ಕೂರಲು ನನಗೆ ಹಿಂದೆ ಒಂದು ಲೋಡು ಬೇಕು," ಎಂದಷ್ಟೇ.

ಆರೂವರೆಗೆ ಜನ ಬಂದರು. ನೇತ್ರಾವಳಿಯ ರೈತರು, ಕುಡಚಡೆಯ ಇಬ್ಬರು ಶಿಕ್ಷಕರು, ವಾಸ್ಕೋದಿಂದ ನಮ್ಮ ಕನ್ನಡದ ನಾಲ್ಕು ಸಂಸಾರ, ಪಣಜಿಯಿಂದ ಬಂದ ಒಂದು ವೃದ್ಧ ದಂಪತಿ. ಮೊಬೈಲುಗಳು ಬಾಗಿಲ ಬಳಿಯ ಬಿದಿರಿನ ಬುಟ್ಟಿಗೆ. ತಡವಾಗಿ ಬಂದವರು ಒಂದು ರಾಗ ಮುಗಿಯುವವರೆಗೆ ಒಳಾಂಗಣದಲ್ಲಿ ಕಾಯಬೇಕು. ಚಾಪೆ, ಜಮಖಾನೆ, ಎರಡು ಲಾಂದ್ರ. ಕೊನೆಯ ಸಾಲಿನವರಿಂದ ಗಾಯಕಿಗೆ ಇಪ್ಪತ್ತು ಅಡಿ ದೂರವಿರಲಿಲ್ಲ.

ಮೊದಲು ಶ್ರೀ ರಾಗ. ಹೊತ್ತು ಮುಳುಗುವಾಗಿನ ರಾಗ. ಕೋಮಲ ರಿಷಭದಿಂದ ಪಂಚಮಕ್ಕೆ ಎದ್ದು ಮತ್ತೆ ರಿಷಭಕ್ಕೇ ಬಂದು ನಿಲ್ಲುವ ಆ ನಡೆಯನ್ನು ನಾನು ಸಭಾಗೃಹಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆದರೆ ಅಲ್ಲಿ ನಾನು ಕೇಳಿದ್ದು ಧ್ವನಿವರ್ಧಕವನ್ನು. ಇಲ್ಲಿ ಸ್ವರ ಹುಟ್ಟುವುದಕ್ಕೆ ಮುಂಚಿನ ಉಸಿರು ಕೇಳಿಸಿತು. ಆ ಉಸಿರಿನಲ್ಲೇ ಮುಂದಿನ ಸ್ವರ ಎಲ್ಲಿಗೆ ಹೋಗುತ್ತದೆಂಬ ಸೂಚನೆ ಇತ್ತು. ಮೈಕಿನ ಎದುರು ಹಾಡುವವರು ದನಿಯನ್ನು ಅದರ ಬಾಯಿಗೆ ಹಿಡಿಯಬೇಕು. ಇಲ್ಲಿ ಅವರು ದನಿಯನ್ನು ಕೋಣೆಗೆ ಒಪ್ಪಿಸಿಬಿಟ್ಟಿದ್ದರು, ಗೋಡೆ ಮತ್ತು ಹಲಗೆ ಅದನ್ನು ಹದ ಮಾಡಿ ನಮಗೆ ಹಂಚುತ್ತಿದ್ದವು. ಜೈಪುರ ಘರಾಣೆಯಲ್ಲಿ 'ಆ' ಎಂದು ಎಳೆಯುವ ದನಿಯ ತುಂಬುತನ, ತಾಳದ ಜೊತೆ ಹೆಣೆದುಕೊಂಡೇ ಸಾಗುವ ತಾನ್ ಎಂಬ ವೇಗದ ಸ್ವರಸಾಲು ಇವೆಲ್ಲ ರೂಪುಗೊಂಡದ್ದು ಇಷ್ಟೇ ದೊಡ್ಡ ಕೋಣೆಗಳಲ್ಲಿ, ಇಷ್ಟೇ ಹತ್ತಿರ ಕುಳಿತವರ ಮುಂದೆ ಎಂಬುದು ನನಗೆ ಆ ಹೊತ್ತು ಕಿವಿಯಿಂದ ತಿಳಿಯಿತು. ವಿಲಂಬಿತ ತೀನ್‌ತಾಲದ ಹದಿನಾರು ಮಾತ್ರೆ ಮುಗಿಯುತ್ತ ಬಂದಾಗ ಮುಂದಿನ ಸಾಲಿನ ರೈತರೊಬ್ಬರ ತಲೆ ತಾನಾಗಿಯೇ ಮುಂದೆ ಬಾಗಿತು. ಗಾಯಕಿ ಸಮಕ್ಕೆ, ಎಂದರೆ ತಾಳದ ಮೊದಲ ಮಾತ್ರೆಗೆ, ಬಂದದ್ದು ಆ ತಲೆಯ ಮೇಲೆಯೇ ಎನ್ನುವ ಹಾಗೆ. ಇಬ್ಬರೂ ನಕ್ಕರು.

ಮಧ್ಯದಲ್ಲಿ ಗುಡುಗು. ಒಂದು ದಪ್ಪ ಹನಿ, ಇನ್ನೊಂದು, ಆಮೇಲೆ ಹಂಚಿನ ಮೇಲೆ ಮಳೆಯೇ ಬಿತ್ತು. ಹತ್ತು ನಿಮಿಷ ಏನೂ ಕೇಳಿಸಲಿಲ್ಲ. ಗಾಯಕಿ ಹಾಡು ನಿಲ್ಲಿಸಿದರು. ತಂಬೂರಿಗಳು ಮಾತ್ರ ನಿಲ್ಲಲಿಲ್ಲ, ಯಾರೂ ಎದ್ದೂ ಹೋಗಲಿಲ್ಲ. ಮಳೆ ತೆಳುವಾದಂತೆ ಅದರ ಒಳಗಿಂದ ಎಂಟು ತಂತಿಗಳು ಮೆಲ್ಲನೆ ಮೇಲೆ ಬಂದವು. ಅಷ್ಟು ಹೊತ್ತೂ ಅವು ನುಡಿಯುತ್ತಲೇ ಇದ್ದವು, ನಾವು ಕೇಳಿರಲಿಲ್ಲ. ಬೆಳಿಗ್ಗೆಯ ಕುರ್ಡಿ ನನ್ನ ಕಣ್ಣ ಮುಂದೆ ಬಂತು.

ನಾನು ಅತ್ತೆಯ ಕೈಯನ್ನೇ ನೋಡುತ್ತಿದ್ದೆ. ಮೊದಲ ತಂತಿಗೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ತಂಬೂರಿಗೆ ತಾಳವಿಲ್ಲ, ಹಾಡಿನ ಗತಿಗೆ ಸೋತು ಬೆರಳು ಅದರ ಹಿಂದೆ ಓಡಬಾರದು. ತಬಲಾ ದ್ರುತಕ್ಕೆ ಏರಿದಾಗಲೂ ಅವರ ಕೈ ತನ್ನ ನಡಿಗೆ ಬಿಡಲಿಲ್ಲ. ಎರಡನೆಯ ರಾಗ ಸಂಪೂರ್ಣ ಮಾಲಕಂಸ. ಅದಕ್ಕಾಗಿ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಬೇಕು. ಗಾಯಕಿ ತಮ್ಮ ತಂಬೂರಿ ಇಳಿಸಿ ಅತ್ತೆಯ ಕಡೆ ಕೈ ಚಾಚುವಷ್ಟರಲ್ಲಿ ಅತ್ತೆ ತಾವೇ ಬಿರಡೆ ತಿರುಗಿಸಿ ಮಧ್ಯಮ ಮುಟ್ಟಿಸಿದ್ದರು. ಐವತ್ತು ವರ್ಷದ ಹಿಂದಿನ ಕಿವಿ, ಒಂದು ಎಳೆಯೂ ತಪ್ಪಿರಲಿಲ್ಲ. ಬಸ್ಸು ಕೆಟ್ಟ ಹುಡುಗಿ ಅಷ್ಟು ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತಿದ್ದಳು. ಗಾಯಕಿ ಅವಳನ್ನು ನೋಡಿದರು, ಅತ್ತೆಯನ್ನು ನೋಡಿದರು, ಮತ್ತೆ ಕಣ್ಣು ಮುಚ್ಚಿ ಆಲಾಪ ಎತ್ತಿದರು. ಹುಡುಗಿ ಒಳಾಂಗಣದಲ್ಲೇ ಕುಳಿತಳು.

ಕೊನೆಗೆ ಭೈರವಿಯಲ್ಲಿ ಅಕ್ಕಮಹಾದೇವಿಯ ಒಂದು ವಚನ. ಕನ್ನಡ ತಿಳಿಯದ ಕೊಂಕಣಿಗರೂ ಅಲುಗಾಡದೆ ಕೇಳಿದರು. ಗಂಟೆ ಹನ್ನೊಂದಾಗಿತ್ತು.

ನಾಲ್ಕನೆಯ ದಿನ, ಭಾನುವಾರ

ಐದು ಗಂಟೆಗೆ ಎಚ್ಚರವಾಯಿತು. ಪಡಸಾಲೆಯಲ್ಲಿ ಗಾಯಕಿ ಮಂದ್ರದ, ಎಂದರೆ ಕೆಳಗಿನ ಸ್ವರಗಳ, ಸಾಧನೆಗೆ ಕುಳಿತಿದ್ದರು. ಅತ್ತೆ ಅವರ ಹಿಂದೆ ತಂಬೂರಿಯೊಂದಿಗೆ. ರಾತ್ರಿ ತಡವಾಗಿ ಬಂದ ಹುಡುಗಿ ಅತ್ತೆಯ ಪಕ್ಕದಲ್ಲಿ, ಬೆರಳು ನೋಡುತ್ತ. ನಾನು ಒಳಗೆ ಹೋಗದೆ ತುಳಸಿಕಟ್ಟೆಯ ಬಳಿ ನಿಂತು ಕೇಳಿದೆ.

ಹೊರಡುವ ಮುನ್ನ ಗೋಪಿನಾಥ ದೇವಸ್ಥಾನದ ಬುಡಬುಡಿ ಕೆರೆಗೆ ಹೋದೆವು. ತಿಳಿನೀರಿನ ತಳದಿಂದ ಗುಳ್ಳೆಗಳು ಸಾಲುಸಾಲಾಗಿ ಏಳುತ್ತಿರುತ್ತವೆ, ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ತಟ್ಟಿದರೆ ಇನ್ನಷ್ಟು ಏಳುತ್ತವೆಂದು ಬಂದವರೆಲ್ಲ ತಟ್ಟುತ್ತಾರೆ. ಮಕ್ಕಳ ಜೊತೆ ನಾನೂ ತಟ್ಟಿದೆ. ಅತ್ತೆ ತಟ್ಟಲಿಲ್ಲ. ಕೈ ನೋಯುತ್ತಿದೆ ಎಂದರು.

ಮಡಗಾಂವದಲ್ಲಿ ರೈಲು ಹತ್ತಿಸುವಾಗ ಅವರ ಬಲಗೈ ಹಿಡಿದೆ. ತೋರುಬೆರಳಿನ ತುದಿಯಲ್ಲಿ ನೀರು ತುಂಬಿದ ಸಣ್ಣ ಗುಳ್ಳೆ ಎದ್ದಿತ್ತು. ಮುಲಾಮು ಕೊಳ್ಳೋಣವೇ ಎಂದು ಕೇಳಿದೆ. "ಬೇಡ ಮಗಳೇ, ಒಣಗಿ ಗಟ್ಟಿಯಾಗಲಿ," ಎಂದು ಕೈ ಬಿಡಿಸಿಕೊಂಡು, ಕಿಟಕಿಯ ಪಕ್ಕ ಕುಳಿತರು. ರೈಲು ಅಲುಗಿದಾಗ ಅವರು ಕೇಳಿದರು, "ಮೀರಜಿಗೆ ಇಲ್ಲಿಂದ ನೇರ ರೈಲು ಇದೆಯೇನು?"